ಅವನೇ ಹೇಳಬೇಕಿದ್ದ ಮಾತು

"ಹೊರಟ್ರಾ?"

ಫೈಲನ್ನು ಎದೆಗೆ ಅವಚಿಕೊಂಡು ಮೆಟ್ಟಿಲ ಕಡೆ ತಿರುಗಿದ್ದ ಶಾಂಭವಿ ಗಕ್ಕನೆ ನಿಂತಳು. ಬೆಂಚಿನ ತುದಿಯಲ್ಲಿ ಕೂತಿದ್ದ ಯುವಕ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ.

"ನಿಮಗೇನ್ರೀ ಅದು?"

"ಏನಿಲ್ಲ. ನೀವು ಹೋದ್ರೆ ನಂಗೆ ಒಳ್ಳೇದೇ. ಇರೋದೊಂದು ಪೋಸ್ಟು, ಉಳಿದಿರೋದು ನಾವಿಬ್ರು."

ಎಂಥಾ ಸೊಕ್ಕು! ಅವಳ ಕಿವಿ ಬಿಸಿಯಾಯಿತು. ಹೋಗಬೇಕೆಂದುಕೊಂಡಿದ್ದವಳು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ದೊಪ್ಪನೆ ಕೂತಳು.

ಅವನು ನಕ್ಕ. "ಹಂಗೆ ಕೂತ್ಕೊಳ್ಳಿ. ಕೋಪ ಬಂದ್ರೂ ಪರವಾಗಿಲ್ಲ, ಭಯ ಹೋಯ್ತಲ್ಲ."

ಆಗ ಅವಳಿಗೆ ಅರ್ಥವಾಯಿತು. ಅವನು ಬೇಕೆಂದೇ ಕೆಣಕಿದ್ದ!

ಅದು ಹುಣಸೂರಿನ ಒಂದು ಖಾಸಗಿ ಪಿಯು ಕಾಲೇಜು. ಭೌತಶಾಸ್ತ್ರದ ಉಪನ್ಯಾಸಕರ ಹುದ್ದೆಗೆ ಅಂದು ಸಂದರ್ಶನ. ಸ್ವಲ್ಪ ಹೊತ್ತಿನ ಹಿಂದೆ ಒಳಗಿಂದ ಬಂದ ಹುಡುಗಿ ಕಣ್ಣೊರೆಸಿಕೊಳ್ಳುತ್ತಾ, "ಮದುವೆ ಯಾವಾಗ, ಮಕ್ಕಳು ಯಾವಾಗ... ಬರೀ ಅದೇ ಕಣ್ರೀ ಕೇಳ್ತಾರೆ" ಎಂದು ಹೇಳಿ ಹೋಗಿದ್ದಳು. ಅದನ್ನು ಕೇಳಿಯೇ ಶಾಂಭವಿ ಫೈಲು ಎತ್ತಿಕೊಂಡು ಎದ್ದಿದ್ದಳು.

ಪಿರಿಯಾಪಟ್ಟಣದ ಅವಳ ಮನೆಯಲ್ಲಿ ಈ ಸಂದರ್ಶನಕ್ಕೆ ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಪಕ್ಕದ ಕೊಪ್ಪದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಅಪ್ಪ ರುದ್ರಸ್ವಾಮಿ, "ಇದೊಂದ್ಸಲ ನೋಡು. ಆಗ್ಲಿಲ್ಲ ಅಂದ್ರೆ ಗಂಡು ನೋಡ್ತೀನಿ" ಎಂದುಬಿಟ್ಟಿದ್ದರು.

"ಏನು ಕೇಳ್ತಾರೆ ಅಂತ ಹೆದರಿಕೆ ನಿಮಗೆ?" ಅವನು ಕೇಳಿದ.

ಪರಿಚಯವೇ ಇಲ್ಲದವನು. ಆದರೂ ಅವನ ದನಿಯಲ್ಲಿ ಏನೋ ಇತ್ತು... ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಎಂ.ಎಸ್ಸಿ ಮುಗಿದ್ಮೇಲೆ ಎರಡು ವರ್ಷ ಖಾಲಿ ಇದ್ದೀನಿ. ಯಾಕೆ ಅಂತ ಕೇಳ್ತಾರೆ."

"ಯಾಕೆ?"

"ನಿಶ್ಚಿತಾರ್ಥ ಆಗಿತ್ತು. ಅವರ ಮನೇಲಿ ಸೊಸೆ ಕೆಲಸಕ್ಕೆ ಹೋಗೋದು ಬೇಡ ಅಂದ್ರು. ಇವತ್ತು ನಾಳೆ ಅಂತ ಮದುವೆ ಮುಂದಕ್ಕೆ ಹಾಕಿ ಹಾಕಿ... ಕೊನೇಗೆ ಬೇಡ ಅಂದ್ರು." ಅವಳು ಕಣ್ಣೊರೆಸಿಕೊಂಡಳು. "ಇದನ್ನ ಅಲ್ಲಿ ಹೆಂಗೆ ಹೇಳ್ಲಿ? ಈ ಕೆಲಸ ಆಗ್ಲಿಲ್ಲ ಅಂದ್ರೆ ಅಪ್ಪ ಮತ್ತೆ ಗಂಡು ನೋಡ್ತಾರೆ."

ಅವನು ಅಯ್ಯೋ ಪಾಪ ಎನ್ನಲಿಲ್ಲ. ಒಂದು ಗಳಿಗೆ ಯೋಚಿಸಿ ಹೇಳಿದ. "ಚಿಕ್ಕದಾಗಿ ಹೇಳಿ. ಮನೆಯ ಕಾರಣಕ್ಕೆ ಕೆಲಸಕ್ಕೆ ಸೇರೋಕೆ ಆಗಿರ್ಲಿಲ್ಲ, ಈಗ ಆ ಕಾರಣ ಇಲ್ಲ, ನಾನು ತಯಾರಾಗಿದ್ದೀನಿ ಅಂತ. ಅಷ್ಟೇ. ಅತ್ತುಬಿಟ್ರೆ ಅವ್ರು ನಿಮ್ಮ ದುಃಖ ನೋಡ್ತಾರೆ, ನಿಮ್ಮ ಪಾಠ ನೋಡಲ್ಲ."

"ಮದುವೆ ಯಾವಾಗ ಅಂದ್ರೆ?"

"ಆದಾಗ ತಿಳಿಸ್ತೀನಿ ಸರ್, ಪಾಠಕ್ಕೆ ತೊಂದರೆ ಆಗಲ್ಲ ಅನ್ನಿ. ನಗ್ತಾ ಅನ್ನಿ. ಇಂಗ್ಲಿಷ್‌ನಲ್ಲಿ ಮಾತು ತಡವರಿಸಿದ್ರೆ ಒಂದು ನಿಮಿಷ ಕೊಡಿ ಅಂತ ಕೇಳಿ, ನೀರು ಕುಡೀರಿ. ಗೊತ್ತಿಲ್ದೆ ಇರೋದನ್ನ ಗೊತ್ತಿಲ್ಲ ಅಂತ್ಲೇ ಹೇಳಿ."

"ಇದೆಲ್ಲ ಯಾವ ಪುಸ್ತಕದಲ್ಲಿ ಓದಿದ್ರಿ?"

"ಪುಸ್ತಕದಲ್ಲಿ ಎಲ್ಲಿ ಬಂತು! ಹೋದ ಕಡೆಯೆಲ್ಲ ಫೇಲಾಗಿ ಬಂದಿದ್ದೀನಲ್ಲ, ಹಂಗೆ ಕಲ್ತೆ."

ಇಬ್ಬರೂ ನಕ್ಕರು. ಅವಳು ಎಷ್ಟು ದಿನಗಳ ಮೇಲೆ ಹೀಗೆ ನಕ್ಕಿದ್ದಳೋ!

ಅವನ ಹೆಸರು ಬಸವಪ್ರಸಾದ್. ಕೆ.ಆರ್. ನಗರ ತಾಲ್ಲೂಕಿನ ಚುಂಚನಕಟ್ಟೆಯವನು. ಅಪ್ಪ ಇಲ್ಲ. ತಾಯಿ ಮತ್ತು ಸ್ವಲ್ಪ ಗದ್ದೆ.

"ನೀವ್ಯಾಕೆ ಎಲ್ಲಾ ಕಡೆ ಫೇಲಾದ್ರಿ?" ಅವಳು ಕೇಳಿದಳು.

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅಷ್ಟು ಹೊತ್ತು ಅವಳಿಗೆ ಧೈರ್ಯ ಹೇಳುತ್ತಿದ್ದವನ ಕೈ ಬೆವರಿತ್ತು.

"ನಂಗೂ ಎರಡು ವರ್ಷ ಖಾಲಿ ಇದೆ. ಕೇಳಿದ್ರೆ ಸರಿಯಾಗಿ ಹೇಳ್ತಿರ್ಲಿಲ್ಲ. ಏನೋ ಮುಚ್ಚಿಡ್ತಿದ್ದಾನೆ ಅಂತ ಅವ್ರಿಗೆ ಗೊತ್ತಾಗೋದು." ಅವನ ದನಿ ತಗ್ಗಿತು. "ನಂಗೆ ಫಿಟ್ಸ್ ಬರ್ತಿತ್ತು. ಮೊದಲ್ನೇ ಸಲ ಬಂದಿದ್ದು ಲ್ಯಾಬ್‌ನಲ್ಲೇ. ಮಾತ್ರೆ ಹೊಂದಿಕೊಳ್ಳೋವರೆಗೂ ಮನೇಲೇ ಇದ್ದೆ. ಆಮೇಲೆ ಬಂದಿಲ್ಲ. ಕೆಲಸ ಮಾಡ್ಬಹುದು ಅಂತ ಡಾಕ್ಟರೇ ಹೇಳವ್ರೆ."

"ಇವತ್ತು ಒಳಗೆ ಹೇಳ್ತೀರಾ?"

"ಹೇಳ್ತೀನಿ. ಇನ್ಮೇಲೆ ಮುಚ್ಚಿಡಲ್ಲ. ಆದ್ರೆ ಮೊದ್ಲು ಅವ್ರು ನನ್ನ ಪಾಠ ನೋಡ್ಲಿ. ಆಮೇಲೆ ನಾನೇ ಹೇಳ್ತೀನಿ." ಅವನು ಅವಳ ಕಣ್ಣು ನೋಡಿದ. "ಪಾಠ ನೋಡಿದ್ಮೇಲೂ ಬೇಡ ಅಂದ್ರೆ ಅದು ಬೇರೆ ಮಾತು."

'ಈ ಮನುಷ್ಯ ಎಷ್ಟು ಒಳ್ಳೆಯವನು...' ಎಂದುಕೊಂಡಳು ಶಾಂಭವಿ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅವಳ ಹೆಸರು ಕೂಗಿದರು.

"ಹೋಗ್ಬನ್ನಿ" ಎಂದ ಅವನು. "ಚೆನ್ನಾಗಿ ಮಾಡಿ."

ಒಳಗೆ ಮೇಜಿನಾಚೆ ಇಬ್ಬರಿದ್ದರು. ಆಡಳಿತ ಮಂಡಳಿಯ ಕಾರ್ಯದರ್ಶಿ ಬೆಟ್ಟಸ್ವಾಮಿ, ಪ್ರಿನ್ಸಿಪಾಲ್ ಆಶಾರಾಣಿ.

ಮೊದಲ ಪ್ರಶ್ನೆ ಇಂಗ್ಲಿಷಿನಲ್ಲಿ ಬಂತು. ನಿಮ್ಮ ಬಗ್ಗೆ ಹೇಳಿ! ಮೊದಲ ವಾಕ್ಯಕ್ಕೇ ತಡವರಿಸಿದಳು. ಒಂದು ನಿಮಿಷ ಕೇಳಿದಳು, ನೀರು ಕುಡಿದಳು. ಮಾತು ಬಂತು. ಎರಡು ವರ್ಷ ಏನು ಮಾಡಿದಿರಿ ಎಂದರು. ಚಿಕ್ಕದಾಗಿ ಹೇಳಿದಳು, ಅಳಲಿಲ್ಲ. ಮದುವೆ ಯಾವಾಗ ಎಂದರು. ನಗುತ್ತಲೇ ಉತ್ತರಿಸಿದಳು.

ಪಾಠ ಮಾಡಿ ಎಂದಾಗ ಜಡತ್ವದ ಪಾಠ ತೆಗೆದುಕೊಂಡಳು. ಸೀಮೆಸುಣ್ಣ ಕೈಜಾರಿ ಕೆಳಗೆ ಬಿದ್ದು ತುಂಡಾಯಿತು. "ಇದು ಗುರುತ್ವಾಕರ್ಷಣೆ ಮೇಡಂ, ಮುಂದಿನ ಪಾಠ" ಎಂದಳು. ಆಶಾರಾಣಿ ನಕ್ಕೇಬಿಟ್ಟರು. ಬಿಳಿಕೆರೆಯ ರಸ್ತೆಯುಬ್ಬಿನ ಹತ್ತಿರ ಮೈಸೂರು ಬಸ್ಸು ಬ್ರೇಕ್ ಹಾಕಿದರೆ ನಿಂತವರೆಲ್ಲ ಯಾಕೆ ಮುಂದಕ್ಕೆ ವಾಲುತ್ತಾರೆ ಎಂದು ಅವಳು ವಿವರಿಸುವಾಗ ಬೆಟ್ಟಸ್ವಾಮಿಯವರೂ ತಲೆಯಾಡಿಸುತ್ತಿದ್ದರು.

"ಭೇಷ್ ಕಣಮ್ಮ!" ಎಂದರು ಅವರು. "ಬಂದೋರೆಲ್ಲ ಆ ಪ್ರಶ್ನೆಗಳಿಗೇ ಗಾಬರಿ ಬಿದ್ರು. ನೀನು ಅಷ್ಟು ಸಲೀಸಾಗಿ ಹೇಳ್ದೆ. ಯಾರು ಟ್ರೈನಿಂಗ್ ಕೊಟ್ಟಿದ್ದು?"

ಶಾಂಭವಿಯ ಎದೆ ಹಗುರಾಗಿತ್ತು. ಗೆದ್ದಿದ್ದೇನೆಂಬ ಸಂತೋಷ. ಅದನ್ನು ಕೊಟ್ಟವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕೆಂಬ ಆಸೆ...

"ಹೊರಗೆ ಕೂತಿದ್ದಾರಲ್ಲ ಸರ್, ಬಸವಪ್ರಸಾದ್ ಅಂತ, ಅವರೇ! ಈಗಷ್ಟೇ ಪರಿಚಯ. ಎಂಥಾ ಧೈರ್ಯ ಸರ್ ಅವ್ರಿಗೆ! ಫಿಟ್ಸ್ ಬಂದು ಎರಡು ವರ್ಷ ಮನೇಲಿದ್ರೂ, ಎಲ್ಲಾ ಕಡೆ ಬೇಡ ಅಂದ್ರೂ, ಇನ್ನೊಬ್ರಿಗೆ ಧೈರ್ಯ ಹೇಳ್ತಾರೆ..."

ಬೆಟ್ಟಸ್ವಾಮಿಯವರ ಮುಖದ ನಗು ಹಾಗೇ ನಿಂತಿತು. ಅವರು ಆಶಾರಾಣಿಯವರನ್ನು ನೋಡಿದರು.

"ಫಿಟ್ಸಾ?"

ಆ ಒಂದು ಪದ ಕೇಳಿದ ಕೂಡಲೇ ಶಾಂಭವಿಗೆ ತನ್ನ ತಪ್ಪು ಹೊಳೆಯಿತು. ಅಯ್ಯೋ... ನಾನೇನು ಹೇಳಿಬಿಟ್ಟೆ!

"ಈಗ ಇಲ್ಲ ಸರ್! ಈಗ ಸರಿಹೋಗಿದೆ. ಮಾತ್ರೆ ತಗೋತಾರೆ..."

ಹೇಳಿದಷ್ಟೂ ಕೆಡುತ್ತಿತ್ತು. "ಆಯ್ತು, ನೀವು ಹೋಗಿ" ಎಂದರು ಬೆಟ್ಟಸ್ವಾಮಿ.

ಅವಳು ಹೊರಬರುವಾಗ ಬಾಗಿಲಲ್ಲೇ ಅವನು ಎದುರಾದ. ಅಂಗಿಯ ಕಾಲರ್ ಸರಿಮಾಡಿಕೊಂಡು, ನಗುತ್ತಾ, "ಹೆಂಗಾಯ್ತು?" ಎಂದ.

"ಪ್ರಸಾದ್ ಅವ್ರೇ, ಒಂದ್ನಿಮಿಷ... ನಾನು..."

"ಬಂದು ಮಾತಾಡ್ತೀನಿ, ಇರಿ." ಬಾಗಿಲು ಮುಚ್ಚಿತು.

ಅವಳು ಬೆಂಚಿನ ಮೇಲೆ ಕೂರಲಾರದೆ ನಿಂತೇ ಇದ್ದಳು. ಬೇಡಿಕೊಂಡಳು. 'ದೇವರೇ, ಅವರು ಪಾಠವನ್ನಾದರೂ ಕೇಳಲಿ...'

ಬಾಗಿಲು ಬಹಳ ಬೇಗ ತೆರೆಯಿತು.

ಅವನ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ಅವನು ಬೆಂಚಿನ ಮೇಲಿದ್ದ ಬ್ಯಾಗನ್ನು ತೆಗೆದುಕೊಂಡ.

"ಪಾಠ ಮಾಡ್ಸಲೇ ಇಲ್ಲ" ಎಂದ. "ಮಕ್ಕಳ ಮುಂದೆ ಬಿದ್ದುಬಿಟ್ರೆ ಏನಪ್ಪಾ ಗತಿ ಅಂತ ಕೇಳಿದ್ರು. ಒಳಗೆ ಕಾಲಿಡ್ತಿದ್ದಂಗೇ."

"ನಾನು ನಿಮ್ಮ ಒಳ್ಳೇದಕ್ಕೇ..."

"ಒಳ್ಳೇದಕ್ಕಾ?" ಅವನು ಅವಳನ್ನೇ ನೋಡಿದ. "ಇಬ್ರೇ ಉಳ್ಕೊಂಡಿದ್ವಿ. ನೀವು ಬುದ್ಧಿವಂತರು ಕಣ್ರೀ. ನಾನೇ ತಿಳ್ಕೊಳ್ಳಲಿಲ್ಲ."

"ಹಾಗಲ್ಲ! ಆಣೆಗೂ ಹಾಗಲ್ಲ..."

ಅವನು ಮೆಟ್ಟಿಲಿಳಿದು ಹೋಗಿಬಿಟ್ಟಿದ್ದ.

ಕೆಲಸ ಶಾಂಭವಿಗೇ ಸಿಕ್ಕಿತು.

ಅಪ್ಪ ಅಂಗಡಿಗೆ ಬಂದವರಿಗೆಲ್ಲ ಮೈಸೂರ್‌ಪಾಕ್ ಹಂಚಿದರು. ಗಂಡು ನೋಡುವ ಮಾತು ನಿಂತಿತು. ಅಮ್ಮ ಪುಷ್ಪಾ ಮಗಳ ಬಾಯಿಗೆ ಒಂದು ತುಂಡು ಇಟ್ಟಾಗ ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅಮ್ಮನಿಗೆ ಎಲ್ಲವನ್ನೂ ಹೇಳಿದಳು.

"ನೀನೇನು ಬೇಕಂತ ಮಾಡ್ದ್ಯಾ? ಬಾಯಿ ತಪ್ಪಿ ಬಂತು. ಬುಡು ಅತ್ಲಾಗೆ" ಎಂದರು ಅಮ್ಮ.

ಆದರೆ ಬಿಡಲು ಹೇಗೆ ಸಾಧ್ಯ? ಪ್ರತಿದಿನ ತರಗತಿಗೆ ಹೋಗಿ ಬೋರ್ಡಿನ ಮುಂದೆ ನಿಂತಾಗ ಅನಿಸುತ್ತಿತ್ತು, 'ಇಲ್ಲಿ ಅವನು ನಿಂತಿರಬೇಕಿತ್ತು.' ಮಕ್ಕಳು "ಮೇಡಂ, ನಿಮ್ಮ ಪಾಠ ಚೆನ್ನಾಗಿ ಅರ್ಥ ಆಗುತ್ತೆ" ಎಂದಾಗ ಖುಷಿಪಡಲೂ ಅವಳಿಂದ ಆಗುತ್ತಿರಲಿಲ್ಲ. ಅವನ ಪಾಠ ಹೇಗಿರುತ್ತಿತ್ತೋ! ಯಾರೂ ಕೇಳಲೇ ಇಲ್ಲವಲ್ಲ...

ಅವನ ಮುಖವೂ ಮರೆಯಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಅವಳನ್ನು ನಗಿಸಿದ ಮುಖ. ಅರ್ಧ ಗಂಟೆಯ ಪರಿಚಯವಷ್ಟೇ. ಅಷ್ಟರಲ್ಲೇ ಮನಸ್ಸು ಅಲ್ಲಿ ಉಳಿದುಬಿಟ್ಟಿತ್ತು ಎನ್ನುವುದು ಅವಳಿಗೆ ತಡವಾಗಿ ಗೊತ್ತಾಯಿತು.

ಶ್ರಾವಣದ ಒಂದು ಭಾನುವಾರ ಅವಳು ಚುಂಚನಕಟ್ಟೆಯ ಬಸ್ಸು ಹತ್ತಿದಳು.

ಊರಲ್ಲಿ ನಾಟಿ ನಡೆಯುತ್ತಿತ್ತು. ಬಸವಪ್ರಸಾದನ ಮನೆ ಯಾವುದೆಂದು ಕೇಳಿದಾಗ ಒಬ್ಬ ಹೆಂಗಸು, "ಆ ಮೂರ್ಛೆ ಹುಡುಗನ ಮನೆಯಾ?" ಎಂದು ಬೆರಳು ತೋರಿಸಿದಳು. ಆ ಮಾತಿಗೆ ಶಾಂಭವಿ ಅಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟಳು.

ಮನೆಯಲ್ಲಿ ತಾಯಿ ವೀರಮ್ಮ ಒಬ್ಬರೇ ಇದ್ದರು. ಮಗನ ಸ್ನೇಹಿತೆ ಎಂದುಕೊಂಡು ಸಂಭ್ರಮದಿಂದ ಒಳಗೆ ಕರೆದರು.

"ಬಾರವ್ವ, ಬಾ. ಗದ್ದೆತಾವ್ ಓಗವ್ನೆ, ಇನ್ನೇನ್ ಬತ್ತಾನೆ. ರೊಟ್ಟಿ ತಟ್ತೀನಿ, ತಿನ್ನುವಂತೆ."

"ಪ್ರಸಾದ್ ಅವ್ರು ಈಗ ಏನು ಮಾಡ್ತಿದ್ದಾರೆ ಅಮ್ಮ?"

"ಏನ್ ಮಾಡಾನವ್ವ... ಮಕ್ಳಿಗೆ ಟ್ಯೂಷನ್ ಏಳ್ಕೊಡ್ತಿದ್ದ. ಅದೂ ನಿಂತೋಯ್ತು. ಉಣಸೂರ್ನಾಗೆ ಕೆಲಸ ಕೇಳಕ್ಕೋಗಿದ್ನಲ್ಲ, ಯಾರೋ ಒಂದ್ ಎಣ್ಮಗಳು ಇವನ ಕಾಯ್ಲೆ ಸುದ್ದೀನ ಅಲ್ಲಿ ಏಳ್ಬುಟ್ಳಂತೆ. ಅಲ್ಲಿಯೋರು ಕೆ.ಆರ್. ನಗರದ ಕಾಲೇಜ್ಗೂ ಏಳಿದ್ರು, ಅಲ್ಲಿಂದ ನಮ್ಮೂರ್ಗೂ ಬಂತು. ಮಕ್ಳನ್ನ ಕಳ್ಸಲ್ಲ ಅಂದ್ರು." ಅವರು ರೊಟ್ಟಿಯನ್ನು ಹಂಚಿನ ಮೇಲೆ ತಿರುವಿದರು. "ಓಗ್ಲಿ ಬುಡು, ಆ ಎಣ್ಮಗಳು ಚೆನ್ನಾಗಿರ್ಲಿ. ಅವಳ್ಗೂ ಏನ್ ಕಷ್ಟ ಇತ್ತೋ."

ಶಾಂಭವಿ ಸುಮ್ಮನಿದ್ದು ಎದ್ದು ಹೋಗಬಹುದಿತ್ತು. ಆದರೆ ಆ ತಾಯಿಯ ಕೈಯ ರೊಟ್ಟಿ ತಿಂದು ಸುಮ್ಮನಿರುವುದು...

"ಅಮ್ಮ... ಆ ಹೆಣ್ಮಗಳು ನಾನೇ."

ವೀರಮ್ಮನ ಕೈ ನಿಂತಿತು. ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಅವರು ಅದನ್ನು ತೆಗೆದು ಪಕ್ಕಕ್ಕಿಟ್ಟು, ಬೇರೊಂದು ರೊಟ್ಟಿಯನ್ನು ತಟ್ಟೆಗೆ ಹಾಕಿ ಅವಳ ಮುಂದೆ ಸರಿಸಿದರು. ಅವಳನ್ನು ನೋಡಲಿಲ್ಲ.

"ತಿನ್ನು" ಎಂದರು. "ದೂರದಿಂದ ಬಂದಿದ್ದೀಯ."

ಅಷ್ಟರಲ್ಲಿ ಅವನು ಬಂದ. ಮೊಣಕಾಲವರೆಗೆ ಕೆಸರು. ಬಾಗಿಲಲ್ಲಿ ಅವಳನ್ನು ಕಂಡು ಒಳಗೆ ಬರದೆ ನಿಂತ.

"ಹೊರಗೆ ಮಾತಾಡೋಣ" ಎಂದ.

ಅಣೆಕಟ್ಟೆಯ ಹತ್ತಿರ ಹೋದರು. ಕಾವೇರಿ ತುಂಬಿ ಧುಮುಕುತ್ತಿತ್ತು. ನೀರಿನ ಸದ್ದಿಗೆ ದನಿ ಎತ್ತಿಯೇ ಮಾತಾಡಬೇಕಿತ್ತು.

"ನಾನು ಬೇಕಂತ ಹೇಳ್ಲಿಲ್ಲ, ಪ್ರಸಾದ್! ನಿಮ್ಮನ್ನ ಹೊಗಳೋಕೆ ಹೋಗಿ... ನಂಬಿ!"

"ನಂಬ್ತೀನಿ."

ಅವಳು ಬೆರಗಾಗಿ ನೋಡಿದಳು.

"ಅವತ್ತು ಬಸ್ಸಲ್ಲಿ ಬರುವಾಗ್ಲೇ ಅನ್ನಿಸ್ತು, ಇವಳು ಹಂಗೆ ಮಾಡೋಳಲ್ಲ ಅಂತ. ಬಾಗಿಲಲ್ಲಿ ನಿಮ್ಮ ಮುಖ ನೋಡಿದ್ನಲ್ಲ." ಅವನು ನೀರಿನ ಕಡೆ ನೋಡುತ್ತಿದ್ದ. "ಆದ್ರೆ ನಂಬಿದ್ರೆ ಏನಾಯ್ತು? ಬೇಕಂತ ಹೇಳಿದ್ರೂ ಅಷ್ಟೇ, ಬಾಯಿ ತಪ್ಪಿ ಹೇಳಿದ್ರೂ ಅಷ್ಟೇ. ಸುದ್ದಿ ಊರೆಲ್ಲ ಆಯ್ತು."

"ನಾನು ಕೆಲಸ ಬಿಡ್ತೀನಿ. ನಾಳೇನೇ ರಾಜೀನಾಮೆ ಕೊಡ್ತೀನಿ."

"ಬಿಟ್ರೆ ನಂಗೆ ಕೊಡ್ತಾರಾ?" ಅವನ ದನಿ ಮೊದಲ ಬಾರಿಗೆ ಒರಟಾಯಿತು. "ನಿಮ್ಮ ಸಮಾಧಾನಕ್ಕೆ ನೀವು ಬಿಡ್ತೀರಿ. ನಿಮ್ಮಪ್ಪ ಗಂಡು ನೋಡ್ತಾರೆ. ಇಬ್ರಿಗೂ ಇಲ್ದಂಗಾಗುತ್ತೆ. ಅದೆಲ್ಲ ಬೇಡ."

ಅವಳು ಅಳುತ್ತಿದ್ದಳು. ಅವನು ಹತ್ತಿರ ಬಂದು ಹೇಳಿದ.

"ನಮ್ಮವ್ವ, ಡಾಕ್ಟ್ರು ಬಿಟ್ರೆ ಬೇರೆ ಯಾರಿಗೂ ಹೇಳಿರ್ಲಿಲ್ಲ ಕಣ್ರೀ ನಾನು. ಲ್ಯಾಬ್‌ನಲ್ಲಿ ನೋಡಿದ ಸ್ನೇಹಿತರಿಗೂ ಅದೊಂದೇ ಸಲ ಬಂದಿದ್ದು ಅಂದಿದ್ದೆ. ಮೊದಲ್ನೇ ಸಲ ಬಾಯಿ ಬಿಟ್ಟಿದ್ದು ನಿಮ್ಮ ಹತ್ರ."

"ಯಾಕೆ... ನನ್ನ ಹತ್ರ ಯಾಕೆ?"

"ಅದನ್ನೇ ನಾನೂ ಕೇಳ್ಕೊಂತಿದ್ದೀನಿ." ಅವನು ತಿರುಗಿ ನಡೆದ. ನಾಲ್ಕು ಹೆಜ್ಜೆ ಹೋಗಿ ನಿಂತು, "ಬಸ್ಸು ತಪ್ಪಿಸ್ಕೋಬೇಡಿ" ಎಂದ.

ಅವಳು ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ವೀರಮ್ಮ ಬಂದರು. ಬಾಳೆಲೆಯಲ್ಲಿ ಸುತ್ತಿದ ರೊಟ್ಟಿಯನ್ನು ಅವಳ ಕೈಗಿಟ್ಟರು.

"ನಿನ್ ಮೇಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಯ್ತದೆ" ಎಂದರು. "ಆದ್ರೂ ನನ್ ಮುಂದೆ ಒಪ್ಕೊಂಡ್ಯಲ್ಲ. ನಿನ್ ನಂಬರ್ ಕೊಟ್ಟೋಗವ್ವ."

ಮರುದಿನ ಶಾಂಭವಿ ಬೆಟ್ಟಸ್ವಾಮಿಯವರ ಮುಂದೆ ನಿಂತಳು.

"ಸರ್, ಬಸವಪ್ರಸಾದ್ ಅವ್ರ ವಿಷಯ ನೀವು ಬೇರೆ ಕಾಲೇಜಿನವ್ರಿಗೂ ಹೇಳಿದ್ದೀರಿ. ಅವ್ರಿಗೆ ಎಲ್ಲೂ ಕೆಲಸ ಸಿಗದಂಗಾಗಿದೆ. ಪಾಠ ಕೂಡ ಕೇಳ್ದೆ..."

"ನಾವೇನು ಕೇಳಿದ್ವೇನಮ್ಮ?" ಬೆಟ್ಟಸ್ವಾಮಿ ಕನ್ನಡಕ ಸರಿಮಾಡಿಕೊಂಡರು. "ಹೇಳಿದ್ದು ನೀನು."

ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಬಹುದು. ಗೊತ್ತಿರುವ ತಪ್ಪಿಗೆ ಏನೆನ್ನಬೇಕು?

ಹೊರಗೆ ಬಂದು ಕಾರಿಡಾರಿನ ಕಂಬಕ್ಕೆ ಒರಗಿ ನಿಂತವಳ ಹೆಗಲ ಮೇಲೆ ಯಾರೋ ಕೈಯಿಟ್ಟರು. ಆಶಾರಾಣಿ.

"ಅವತ್ತು ನಾನೂ ಆ ರೂಮಲ್ಲೇ ಇದ್ದೆ ಶಾಂಭವಿ. ಒಂದ್ಸಲ ಪಾಠ ಮಾಡ್ಲಿ ಸರ್ ಅಂತ ನಾನು ಹೇಳ್ಬಹುದಾಗಿತ್ತು. ಹೇಳ್ಲಿಲ್ಲ. ಆ ಹುಡುಗ ಎದ್ದು ಹೋಗುವಾಗ ಕುರ್ಚೀನ ಸದ್ದಾಗದಂಗೆ ಒಳಕ್ಕೆ ಸರಿಸಿಟ್ಟು ಹೋದ. ಅದು ಇನ್ನೂ ಕಣ್ಣಲ್ಲಿದೆ ನಂಗೆ."

"ಮೇಡಂ, ಈಗ ಏನಾದ್ರೂ ಮಾಡೋಕಾಗುತ್ತಾ?"

"ಇಲ್ಲಿ ಆಗಲ್ಲ. ಎಚ್.ಡಿ. ಕೋಟೆ ಕಾಲೇಜೊಂದ್ರಲ್ಲಿ ನನ್ನ ಜೊತೆ ಓದಿದವ್ರು ಪ್ರಿನ್ಸಿಪಾಲ್ ಆಗಿದ್ದಾರೆ. ದಸರಾ ಆದ್ಮೇಲೆ ಅವ್ರಿಗೆ ಒಬ್ರು ಬೇಕಾಗ್ತಾರೆ. ಒಬ್ಬ ಹುಡುಗ ಇದ್ದಾನೆ, ಮೊದ್ಲು ಪಾಠ ನೋಡಿ ಅಂತ ಅಷ್ಟೇ ಹೇಳ್ತೀನಿ. ಮಿಕ್ಕಿದ್ದು ಅವನಿಗೆ ಬಿಟ್ಟಿದ್ದು."

"ನನ್ನ ಹೆಸರು ಎಲ್ಲೂ ಬರ್ಬಾರ್ದು ಮೇಡಂ."

ಆಶಾರಾಣಿ ಅವಳ ಮುಖವನ್ನೇ ನೋಡಿದರು. "ಇಷ್ಟಾನಾ ಅವನು?"

ಶಾಂಭವಿ ತಲೆ ತಗ್ಗಿಸಿದಳು. "ಇಷ್ಟಪಡೋ ಹಕ್ಕು ಕಳ್ಕೊಂಡಿದ್ದೀನಿ ಮೇಡಂ."

ದಸರಾ ಕಳೆಯಿತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕೂತಿದ್ದಾಗ ಫೋನು ಬಂತು. ವೀರಮ್ಮ!

"ಇವತ್ತು ಎಚ್.ಡಿ. ಕ್ವಾಟೇಲಿ ಅವನಿಗೆ ಇಂಟ್ರೂ ಕಣವ್ವ. ನಾನ್ ಏಳಿದ್ದು ಅವನಿಗೆ ಗೊತ್ತಿಲ್ಲ. ಸಂಜೆ ಉಣಸೂರ್‌ಗೆ ಬಂದು ಬಸ್ ಬದಲಾಯಿಸ್ತಾನೆ." ಸ್ವಲ್ಪ ತಡೆದು ಹೇಳಿದರು. "ಆದ್ರೂ ಆಗ್ದಿದ್ರೂ... ಒಬ್ನೇ ಬರ್ಬಾರ್ದು ಅನ್ನುಸ್ತು ನಂಗೆ."

ಶಾಂಭವಿ ಊಟದ ಡಬ್ಬಿ ಮುಚ್ಚಿಟ್ಟಳು.

ಸಂಜೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕೋಟೆ ಕಡೆಯ ಬಸ್ಸುಗಳು ಒಂದೊಂದಾಗಿ ಬಂದವು. ಪ್ರತಿಯೊಂದರ ಬಾಗಿಲನ್ನೂ ಅವಳು ನೋಡಿದಳು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಸಾಲು ಜೋಡಿಸುತ್ತಿದ್ದಳು. ಅವನು ಇಳಿದ ಕ್ಷಣಕ್ಕೆ ಒಂದೂ ನೆನಪಾಗಲಿಲ್ಲ.

ಅವನು ಅವಳನ್ನು ಕಂಡ. ಜನ ಇಬ್ಬರ ನಡುವೆ ಹಾದುಹೋಗುತ್ತಿದ್ದರು. ಅವನು ಮೆಲ್ಲಗೆ ಹತ್ತಿರ ಬಂದ.

"ಅವ್ವ ಫೋನ್ ಮಾಡಿದ್ಲಾ?"

ಅವಳು ಹೌದೆಂದು ತಲೆಯಾಡಿಸಿದಳು. "ಏನಾಯ್ತು?"

"ಪಾಠ ಮಾಡ್ಸಿದ್ರು." ಅವನು ಬ್ಯಾಗನ್ನು ಕೆಳಗಿಟ್ಟ. "ಪೂರ್ತಿ ಮಾಡ್ಸಿದ್ರು, ಶಾಂಭವಿ. ಮಕ್ಕಳನ್ನೇ ಕೂರಿಸಿದ್ರು. ಒಬ್ಬಳು ಹುಡುಗಿ, ಕಾಡಿನ ಹಾಡಿ ಕಡೆಯೋಳಿರ್ಬೇಕು, ಮೂರು ಸಲ ಕೈ ಎತ್ತಿ ಪ್ರಶ್ನೆ ಕೇಳಿದ್ಲು. ಆಮೇಲೆ ಆಫೀಸಲ್ಲಿ ಕೂತು ನಾನೇ ಹೇಳ್ದೆ, ನಂಗೆ ಹಿಂಗಿದೆ ಅಂತ. ಸ್ವಲ್ಪ ಹೊತ್ತು ಯೋಚ್ನೆ ಮಾಡಿದ್ರು. ಈ ವರ್ಷಕ್ಕೆ ಅತಿಥಿ ಉಪನ್ಯಾಸಕ, ಮುಂದೆ ನೋಡೋಣ ಅಂದ್ರು."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಅಳಬೇಡಿ. ಜನ ನೋಡ್ತವ್ರೆ."

"ನೋಡ್ಲಿ."

ಇಬ್ಬರೂ ಕಲ್ಲಿನ ಕಟ್ಟೆಯ ಮೇಲೆ ಕೂತರು. ಕೆ.ಆರ್. ನಗರದ ಬಸ್ಸು ಬಂತು, ಹೊರಟೂ ಹೋಯಿತು. ಅವನು ಏಳಲಿಲ್ಲ.

"ಪ್ರಸಾದ್... ನನ್ನ ಕ್ಷಮಿಸಿದ್ದೀರಾ?"

ಅವನು ಸುಳ್ಳು ಹೇಳಲಿಲ್ಲ. "ಪೂರ್ತಿ ಇಲ್ಲ. ಊರಲ್ಲಿ ಯಾರಾದ್ರೂ ಮೂರ್ಛೆ ಹುಡುಗ ಅಂದಾಗ ನಿಮ್ಮ ಮೇಲೆ ಕೋಪ ಬರುತ್ತೆ. ಇನ್ನೂ ಬರಬಹುದು."

"ಬರ್ಲಿ. ಬರಬೇಕು."

"ಆದ್ರೆ ಇವತ್ತು ಪಾಠ ಚೆನ್ನಾಗಾದಾಗ ಮೊದ್ಲು ಯಾರಿಗೆ ಹೇಳ್ಬೇಕು ಅನ್ನಿಸ್ತು ಗೊತ್ತಾ? ಅವ್ವಂಗಲ್ಲ." ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಬಸ್ಸಿಳಿದಾಗ ನೀವು ನಿಂತಿದ್ರಿ."

ಹೇಳಬೇಕೋ ಬೇಡವೋ... ಇಷ್ಟು ದಿನ ಬೇಡದ ಮಾತು ಆಡಿ ಅನುಭವಿಸಿದ್ದಳು. ಆಡಲೇಬೇಕಾದ ಮಾತನ್ನು ನುಂಗಿದರೆ?

"ನಂಗೆ ನೀವು ಇಷ್ಟ, ಪ್ರಸಾದ್. ತಪ್ಪು ಮಾಡಿದ್ದೀನಿ ಅನ್ನೋ ಕಾರಣಕ್ಕಲ್ಲ. ಅದಕ್ಕೂ ಮೊದಲೇ ಇಷ್ಟ."

ಅವನು ಕೇಳಿದ, "ನಿಮ್ಮಪ್ಪ ಒಪ್ತಾರಾ? ಅಳಿಯಂಗೆ ಪರ್ಮನೆಂಟ್ ಕೆಲಸ ಇಲ್ಲ. ಮೇಲೆ ಇದೊಂದು."

"ಕಷ್ಟ ಇದೆ."

"ನಾನೇ ಬಂದು ಕೂತು ಮಾತಾಡ್ತೀನಿ. ಏನಿದೆಯೋ ಎಲ್ಲ ಹೇಳ್ತೀನಿ."

"ನಾನು ಒಂದಕ್ಷರ ಬಾಯಿ ಬಿಡಲ್ಲ!"

ಅವನು ನಕ್ಕುಬಿಟ್ಟ. ಸಂದರ್ಶನದ ಬಾಗಿಲಲ್ಲಿ ನಕ್ಕಮೇಲೆ ಅವಳು ಅವನ ನಗು ಕಂಡಿರಲಿಲ್ಲ. ಆ ನಗುವಿಗೂ ಈ ನಗುವಿಗೂ ನಡುವೆ ಅವನು ಕಳೆದುಕೊಂಡದ್ದೆಲ್ಲ ಅವಳಿಗೆ ನೆನಪಾಗಿ, ನಗುತ್ತಲೇ ಮತ್ತೆ ಕಣ್ಣು ತುಂಬಿತು.

"ಒಂದು ಕೇಳ್ಲಾ?" ಎಂದಳು. "ಮತ್ತೆ ಯಾವಾಗಾದ್ರೂ ಅದು ಬಂದ್ರೆ... ನಾನು ಏನು ಮಾಡ್ಬೇಕು? ಹೇಳ್ಕೊಡಿ."

ಅವನು ಅವಳನ್ನು ತಿರುಗಿ ನೋಡಿದ. ಇದುವರೆಗೆ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಬಿದ್ದರೆ ಏನು ಗತಿ ಎಂದು ಕೇಳಿದವರೇ ಎಲ್ಲ.

"ಹೆದರಬಾರ್ದು" ಎಂದ, ನಿಧಾನವಾಗಿ. "ಸುತ್ತ ಇರೋ ಗಟ್ಟಿ ಸಾಮಾನು ದೂರ ಸರಿಸ್ಬೇಕು. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸ್ಬೇಕು. ಬಾಯಿಗೆ ಏನೂ ಹಾಕ್ಬಾರ್ದು, ನೀರೂ ಬೇಡ. ಜನ ಕೈಗೆ ಬೀಗದ ಕೈ, ಕಬ್ಬಿಣ ಕೊಡೋಕೆ ಬರ್ತಾರೆ. ಅವ್ರನ್ನ ದೂರ ಕಳಿಸ್ಬೇಕು. ಹೊತ್ತು ನೋಡ್ಕೋಬೇಕು, ಐದು ನಿಮಿಷ ದಾಟಿದ್ರೆ ಆಸ್ಪತ್ರೆ."

"ಆಮೇಲೆ?"

"ಆಮೇಲೆ ಅದೇ ನಿಲ್ಲುತ್ತೆ."

"ನಿಂತ್ಮೇಲೆ?"

ಅವನ ದನಿ ತೀರಾ ಮೆತ್ತಗಾಯಿತು. "ಕಣ್ಣು ಬಿಟ್ಟಾಗ ನಂಗೆ ಏನೂ ಗೊತ್ತಾಗಲ್ಲ. ಎಲ್ಲಿದ್ದೀನಿ ಅಂತ್ಲೂ ಗೊತ್ತಾಗಲ್ಲ. ಸುತ್ತ ಬರೀ ಮುಖಗಳು. ಒಂದಾದ್ರೂ ಗುರುತಿನ ಮುಖ ಇರ್ಬೇಕು ಅನ್ನಿಸುತ್ತೆ."

ಶಾಂಭವಿ ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಇರ್ತೀನಿ."